ನೀರು ತಿಳಿಯಾದರೆ ಸಾಲದು: ಹೊಸ ಹವಳದ ತೊಟ್ಟಿಯ ಬಗ್ಗೆ ನಿಮ್ಮ ಪ್ರಶ್ನೆಗಳು

ಉಪ್ಪುನೀರಿನ ಅಕ್ವೇರಿಯಂ ಹೊಸದಾಗಿ ಶುರು ಮಾಡಿದವರ ಪತ್ರಗಳು ಈ ಸಲ ತುಂಬಾ ಬಂದಿವೆ. ಹೆಚ್ಚಿನವರು ಒಂದೇ ಹಂತದಲ್ಲಿದ್ದಾರೆ. ತೊಟ್ಟಿ ತುಂಬಿಸಿ ಆಗಿದೆ, ಮೀನು ಇನ್ನೂ ಬಂದಿಲ್ಲ, ಮುಂದೇನು ಅಂತ ಗೊತ್ತಾಗುತ್ತಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನಮ್ಮದು 200 ಲೀಟರಿನ ತೊಟ್ಟಿ. ಡ್ರೈ ರಾಕ್ (ಜೀವವಿಲ್ಲದ ಒಣ ಕಲ್ಲು), ಮರಳು, ಉಪ್ಪುನೀರು ಎಲ್ಲ ಹಾಕಿ ಐದು ದಿನ ಆಯಿತು. ನೀರು ಎಷ್ಟು ತಿಳಿಯಾಗಿದೆ ಅಂದರೆ ಹಿಂದಿನ ಗೋಡೆ ಕಾಣುತ್ತದೆ. ಎರಡು ಡ್ಯಾಮ್ಸೆಲ್ ಮೀನು ಬಿಡಿ, ಅವೇ ತೊಟ್ಟಿಯನ್ನು ಸೈಕಲ್ ಮಾಡುತ್ತವೆ ಅಂತ ಅಂಗಡಿಯವರು ಹೇಳಿದರು. ಒಂದು ತಿಂಗಳು ಏನೂ ಬಿಡಬೇಡಿ, ಸುಮ್ನೆ ಕಾಯಿರಿ ಅಂತ ಗೆಳೆಯರೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೀನು ಬಿಡಬೇಡಿ. ಆದರೆ ಸುಮ್ನೆ ಕಾದರೂ ಪ್ರಯೋಜನ ಇಲ್ಲ. ಖಾಲಿ ತೊಟ್ಟಿ ಒಂದು ತಿಂಗಳಾದರೂ ಖಾಲಿ ತೊಟ್ಟಿಯೇ. ಅಲ್ಲಿ ಬೆಳೆಯಬೇಕಾದ ಬ್ಯಾಕ್ಟೀರಿಯಾಕ್ಕೆ ಊಟ ಬೇಕು, ಆ ಊಟ ನೀವು ಹಾಕಬೇಕು.

ಏನು ನಡೆಯುತ್ತದೆ ಅಂತ ಮೊದಲು ನೋಡೋಣ. ಮೀನಿನ ದೇಹದ ಅಮೋನಿಯಾ ಹೆಚ್ಚಾಗಿ ಕಿವಿರಿನಿಂದಲೇ ಹೊರಗೆ ಬರುತ್ತದೆ. ತಿನ್ನದೆ ಉಳಿದ ಆಹಾರ, ಹಿಕ್ಕೆ, ಸತ್ತ ಹುಳು ಕೊಳೆತರೂ ಬರುವುದು ಅದೇ. ಸಮುದ್ರದಲ್ಲಾದರೆ ಅದು ಚದುರಿ ಹೋಗುತ್ತದೆ, 200 ಲೀಟರಿನಲ್ಲಿ ಎಲ್ಲಿಗೆ ಹೋಗಬೇಕು? ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಇವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಎರಡು ಬೇರೆ ಬೇರೆ ಜೀವಿಗಳ ಕೆಲಸ ಅಂತ 1890ರ ಸುಮಾರಿಗೇ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ ತೋರಿಸಿಕೊಟ್ಟಿದ್ದರು. ನೈಟ್ರೇಟ್ ಅಷ್ಟು ಅಪಾಯದ್ದಲ್ಲ. ನೀರು ಬದಲಿಸಿ ಅದನ್ನು ಕಡಿಮೆ ಮಾಡಬಹುದು. ಈ ಎರಡೂ ಗುಂಪು ತೊಟ್ಟಿಯಲ್ಲಿ ಸಾಕಷ್ಟು ಬೆಳೆದು ನಿಲ್ಲುವುದನ್ನೇ ತೊಟ್ಟಿ ಸೈಕಲ್ ಆಗುವುದು ಅನ್ನುತ್ತೇವೆ.

ತೊಂದರೆ ಏನೆಂದರೆ ಈ ಬ್ಯಾಕ್ಟೀರಿಯಾ ಬಹಳ ನಿಧಾನ. ಕೊಳೆಸುವ ಸಾಮಾನ್ಯ ಬ್ಯಾಕ್ಟೀರಿಯಾ ಅರ್ಧ ಗಂಟೆಯೊಳಗೆ ಇಮ್ಮಡಿ ಆಗಬಲ್ಲವು. ಇವಕ್ಕೆ ಎಲ್ಲ ಅನುಕೂಲ ಇದ್ದರೂ ಅರ್ಧ ದಿನದಿಂದ ಒಂದು ದಿನ ಬೇಕು. ಅದಕ್ಕೇ ಡ್ರೈ ರಾಕ್ ಹಾಕಿದ ತೊಟ್ಟಿ ಸೈಕಲ್ ಆಗಲು ಸಾಮಾನ್ಯವಾಗಿ 3ರಿಂದ 6 ವಾರ ಹಿಡಿಯುತ್ತದೆ. ನೀರಿನ ತಿಳಿಗೂ ಇದಕ್ಕೂ ಸಂಬಂಧವೇ ಇಲ್ಲ. ಅಮೋನಿಯಾಕ್ಕೆ ಬಣ್ಣ ಇಲ್ಲ. ಮೀನನ್ನು ಕೊಲ್ಲುವಷ್ಟು ಅಮೋನಿಯಾ ಇರುವ ನೀರೂ ನೋಡಲು ಇಷ್ಟೇ ತಿಳಿಯಾಗಿರುತ್ತದೆ.

ಡ್ಯಾಮ್ಸೆಲ್ ಬಿಡುವ ಸಲಹೆ ಹಳೆಯದು, ಇವತ್ತಿಗೂ ಅದನ್ನು ಕೇಳಿದಾಗ ನನಗೆ ಬೇಜಾರಾಗುತ್ತದೆ. ನೀರಿನ ಪಿಎಚ್ ಹೆಚ್ಚಿದಷ್ಟೂ ಅಮೋನಿಯಾದ ವಿಷದ ಪಾಲು ಹೆಚ್ಚುತ್ತದೆ. ಹವಳದ ತೊಟ್ಟಿಯ ಪಿಎಚ್ ಇರುವುದೇ 8.1ರಿಂದ 8.4. ಆ ನೀರಿನಲ್ಲಿ ಮೀನಿನ ಕಿವಿರು ಸುಡುತ್ತಾ ಇರುತ್ತದೆ. ಡ್ಯಾಮ್ಸೆಲ್ ಗಟ್ಟಿ ಮೀನು, ಬದುಕಿಕೊಳ್ಳಬಹುದು. ಬದುಕಿತು ಅಂದ ಮಾತ್ರಕ್ಕೆ ಅದಕ್ಕೆ ನೋವಾಗಲಿಲ್ಲ ಅಂತ ಅಲ್ವಲ್ಲ. ಇನ್ನೊಂದು ವಿಷಯ, ಹೀಗೆ ಮೊದಲು ಬಂದ ಡ್ಯಾಮ್ಸೆಲ್ ಇಡೀ ತೊಟ್ಟಿ ತನ್ನದು ಅಂತ ತೀರ್ಮಾನಿಸಿ ಆಮೇಲೆ ಬಂದ ಪ್ರತಿ ಮೀನನ್ನೂ ಅಟ್ಟಾಡಿಸುತ್ತದೆ, ಅದನ್ನು ಹಿಡಿದು ತೆಗೆಯಬೇಕೆಂದರೆ ನೀವು ಜೋಡಿಸಿದ ಕಲ್ಲನ್ನೆಲ್ಲ ಕಿತ್ತು ಹೊರಗಿಡಬೇಕಾಗುತ್ತದೆ.

ಈಗ ಮಾಡಬೇಕಾದ್ದು. ಅಕ್ವೇರಿಯಂಗೆಂದೇ ಮಾರುವ ಅಮೋನಿಯಂ ಕ್ಲೋರೈಡ್ ತನ್ನಿ. ನೆಲ ಒರೆಸುವ ಅಮೋನಿಯಾ ಬೇಡ, ಅದರಲ್ಲಿ ಸೋಪು, ಸುವಾಸನೆ ಬೆರೆತಿರುತ್ತದೆ. ತೊಟ್ಟಿಯ ಅಮೋನಿಯಾ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ, ಆಗುವಷ್ಟು ಹಾಕಿ. ತೊಟ್ಟಿ 200 ಲೀಟರಿನದಾದರೂ ಕಲ್ಲು, ಮರಳು ಜಾಗ ತಿಂದು ನೀರು ಅದಕ್ಕಿಂತ ಕಡಿಮೆ ಇರುತ್ತದೆ, ಹಾಗಾಗಿ ಮೊದಲು ಸ್ವಲ್ಪ ಕಡಿಮೆಯೇ ಹಾಕಿ ಪರೀಕ್ಷೆ ಮಾಡಿ ನೋಡಿ. ಪಂಪು, ಹೀಟರ್ ಓಡುತ್ತಿರಲಿ. ಬಿಸಿ 26ರಿಂದ 28 ಡಿಗ್ರಿ ಇರಲಿ, ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಪಾಲು), ಅಂದರೆ ಸಾಂದ್ರತೆ 1.025ರಿಂದ 1.026. ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ತುಂಬಾ ಬೇಕು, ನೀರಿನ ಮೇಲ್ಮೈ ಅಲುಗಾಡುತ್ತಿರಬೇಕು. ಎರಡು ಮೂರು ದಿನಕ್ಕೊಮ್ಮೆ ಪರೀಕ್ಷೆ ಮಾಡಿ ಬರೆದಿಡಿ. ಮೊದಲ ವಾರ ಏನೂ ಬದಲಾಗದೆ ಇರಬಹುದು, ಆಮೇಲೆ ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. ಅಮೋನಿಯಾ ಸೊನ್ನೆ ಮುಟ್ಟಿದಾಗ ಮತ್ತೆ 2 ಪಿಪಿಎಂ ಹಾಕಿ. ಯಾವಾಗಲೂ 4 ದಾಟಿಸಬೇಡಿ, ತೀರಾ ಜಾಸ್ತಿ ಆದರೆ ಆ ಬ್ಯಾಕ್ಟೀರಿಯಾವೇ ಸೋಲುತ್ತವೆ.

ಮುಗಿಯಿತು ಅಂತ ಹೇಗೆ ಗೊತ್ತಾಗುತ್ತದೆ? ಕ್ಯಾಲೆಂಡರ್ ನೋಡಿ ಅಲ್ಲ. ಇವತ್ತು ರಾತ್ರಿ 2 ಪಿಪಿಎಂ ಹಾಕಿ, ನಾಳೆ ರಾತ್ರಿ ಪರೀಕ್ಷೆ ಮಾಡಿದಾಗ ಅಮೋನಿಯಾವೂ ಸೊನ್ನೆ, ನೈಟ್ರೈಟೂ ಸೊನ್ನೆ ಇದ್ದರೆ ಮುಗಿಯಿತು. ಅಲ್ಲಿಗೆ ನೈಟ್ರೇಟ್ ಸಾಕಷ್ಟು ಏರಿರುತ್ತದೆ, ಅರ್ಧಕ್ಕಿಂತ ಜಾಸ್ತಿ ನೀರು ಬದಲಿಸಿ. ಬ್ಯಾಕ್ಟೀರಿಯಾ ಹೋಗಿಬಿಡುತ್ತದೆ ಅಂತ ಹೆದರಬೇಡಿ. ಅವು ಕಲ್ಲಿಗೆ, ಮರಳಿಗೆ, ಪಂಪಿನ ಒಳಗೋಡೆಗೆ ಅಂಟಿಕೊಂಡು ಬದುಕುತ್ತವೆ, ನೀರಿನಲ್ಲಿ ತೇಲುವವು ತೀರಾ ಕಡಿಮೆ.

ಅಮೋನಿಯಂ ಕ್ಲೋರೈಡ್ ಸಿಗದಿದ್ದರೆ ಒಂದು ಹಸಿ ಸಿಗಡಿಯನ್ನು ಬಲೆಚೀಲದಲ್ಲಿ ಕಟ್ಟಿ ತೂಗುಬಿಡುವವರಿದ್ದಾರೆ. ಅದೂ ಕೆಲಸ ಮಾಡುತ್ತದೆ. ವಾಸನೆ ಬರುತ್ತದೆ, ಎಷ್ಟು ಅಮೋನಿಯಾ ಬಂತು ಅನ್ನುವುದು ನಿಮ್ಮ ಹಿಡಿತದಲ್ಲಿರುವುದಿಲ್ಲ, ಜೊತೆಗೆ ಫಾಸ್ಫೇಟ್ ಬಂದು ಸೇರುತ್ತದೆ. ಹಾಗಾಗಿ ನನಗೆ ಅದು ಎರಡನೇ ಆಯ್ಕೆ.

ಪ್ರಶ್ನೆ: ದಿನಾ ರಾತ್ರಿ 2 ಪಿಪಿಎಂ ಅಮೋನಿಯಾ ಹಾಕುತ್ತಿದ್ದೇನೆ. ಎಂಟು ದಿನದಿಂದ ಮಾರನೇ ದಿನಕ್ಕೆ ಅದು ಸೊನ್ನೆ ಆಗುತ್ತಿದೆ. ಆದರೆ ನೈಟ್ರೈಟ್ ಬಣ್ಣ ಕಿಟ್ಟಿನ ಕೊನೆಯ 5 ಪಿಪಿಎಂಗಿಂತ ಇಳಿಯುತ್ತಲೇ ಇಲ್ಲ. ನೈಟ್ರೇಟ್ 100 ತೋರಿಸುತ್ತಿದೆ. ತೊಟ್ಟಿ ಕೆಟ್ಟುಹೋಯಿತಾ?

ಉತ್ತರ: ಕೆಟ್ಟಿಲ್ಲ. ಲೆಕ್ಕ ಹಾಕಿ ನೋಡಿ. ಎಂಟು ದಿನಕ್ಕೆ 16 ಪಿಪಿಎಂ ಅಮೋನಿಯಾ ಆಯಿತು. 1 ಪಿಪಿಎಂ ಅಮೋನಿಯಾ ನೈಟ್ರೈಟ್ ಆಗುವಾಗ ತೂಕದಲ್ಲಿ ಸುಮಾರು 2.7 ಪಿಪಿಎಂ ಆಗುತ್ತದೆ, ಯಾಕೆಂದರೆ ಹಗುರ ಹೈಡ್ರೋಜನ್ ಹೋಗಿ ಭಾರದ ಆಮ್ಲಜನಕ ಬಂದು ಸೇರುತ್ತದೆ. ಅಂದರೆ ಎರಡನೇ ಗುಂಪಿನ ಬ್ಯಾಕ್ಟೀರಿಯಾ ಏನೂ ಮಾಡಿಲ್ಲ ಅಂದುಕೊಂಡರೆ ನಿಮ್ಮ ತೊಟ್ಟಿಯಲ್ಲಿ 40 ಪಿಪಿಎಂ ದಾಟಿದ ನೈಟ್ರೈಟ್ ಇರಬೇಕು. ಅದು ಇಳಿಯುತ್ತಿದ್ದರೂ 5ರಲ್ಲಿ ಮುಗಿಯುವ ಕಿಟ್ಟಿಗೆ ಹೇಗೆ ತಿಳಿಯಬೇಕು? ಒಂದು ಭಾಗ ತೊಟ್ಟಿಯ ನೀರಿಗೆ ಒಂಬತ್ತು ಭಾಗ ಶುದ್ಧ ಆರ್‌ಓ ನೀರು ಬೆರೆಸಿ ಪರೀಕ್ಷೆ ಮಾಡಿ, ಬಂದ ಅಂಕಿಯನ್ನು 10ರಿಂದ ಗುಣಿಸಿ. ಇಳಿಕೆ ಆಗ ಕಾಣುತ್ತದೆ.

ಆ ನೈಟ್ರೇಟ್ 100 ಅನ್ನುವುದನ್ನು ಈಗ ನಂಬಲೇಬೇಡಿ. ಸಾಮಾನ್ಯ ನೈಟ್ರೇಟ್ ಕಿಟ್‌ಗಳು ನೈಟ್ರೇಟನ್ನು ಮೊದಲು ನೈಟ್ರೈಟ್ ಮಾಡಿ ಆಮೇಲೆ ಅದರ ಬಣ್ಣ ನೋಡುತ್ತವೆ. ನೀರಿನಲ್ಲಿ ಮೊದಲೇ ನೈಟ್ರೈಟ್ ತುಂಬಿದ್ದರೆ ಅದೆಲ್ಲ ನೈಟ್ರೇಟ್ ಅಂತಲೇ ಲೆಕ್ಕಕ್ಕೆ ಬಂದು ಅಂಕಿ ವಿಪರೀತ ಏರುತ್ತದೆ. ನೈಟ್ರೈಟ್ ಸೊನ್ನೆ ಆಗುವವರೆಗೆ ಆ ಕಿಟ್ ಪೆಟ್ಟಿಗೆಯಲ್ಲೇ ಇರಲಿ.

ದಿನಾ ಅಮೋನಿಯಾ ಹಾಕುವುದನ್ನು ನಿಲ್ಲಿಸಿ. ನಾಲ್ಕೈದು ದಿನಕ್ಕೊಮ್ಮೆ 1 ಪಿಪಿಎಂ ಸಾಕು, ಮೊದಲ ಗುಂಪು ಹಸಿವಿನಿಂದ ಸಾಯುವುದಿಲ್ಲ. ಆಲ್ಕಲಿನಿಟಿ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಅದನ್ನೂ ಒಮ್ಮೆ ನೋಡಿ. ಅದರ ಅಳತೆ ಡಿಕೆಎಚ್. ಅಮೋನಿಯಾ ನೈಟ್ರೈಟ್ ಆಗುವಾಗ ಆಮ್ಲ ಹುಟ್ಟುತ್ತದೆ, ಅದು ನೀರಿನ ಕಾರ್ಬೊನೇಟನ್ನು ತಿನ್ನುತ್ತದೆ, ನೀವು ಇಷ್ಟೊಂದು ಹಾಕಿರುವುದರಿಂದ ಅದು ಇಳಿದು ಬ್ಯಾಕ್ಟೀರಿಯಾ ಮಂಕಾಗಿರಬಹುದು. 7 ಡಿಕೆಎಚ್‌ಗಿಂತ ಕೆಳಗಿದ್ದರೆ ಅರ್ಧ ನೀರು ಬದಲಿಸಿ, ಎರಡೂ ತೊಂದರೆ ಒಟ್ಟಿಗೆ ಇಳಿಯುತ್ತವೆ.

ಸಮಾಧಾನದ ವಿಷಯವೂ ಒಂದಿದೆ. ಸಿಹಿನೀರಿನಲ್ಲಿ ನೈಟ್ರೈಟ್ ಮೀನಿಗೆ ದೊಡ್ಡ ಶತ್ರು. ಉಪ್ಪುನೀರಿನಲ್ಲಿ ಕ್ಲೋರೈಡ್ ಎಷ್ಟಿದೆ ಅಂದರೆ ಕಿವಿರಿನ ಒಳಗೆ ಹೋಗಲು ನೈಟ್ರೈಟಿಗೆ ದಾರಿಯೇ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ನೈಟ್ರೈಟ್ ಸ್ವಲ್ಪ ಉಳಿದಿದ್ದರೂ ಸಮುದ್ರದ ಮೀನಿಗೆ ಅಪಾಯ ಕಡಿಮೆ. ಆದರೂ ಅದು ಇಳಿಯುವವರೆಗೆ ಕಾಯಿರಿ ಅಂತಲೇ ನಾನು ಹೇಳುತ್ತೇನೆ. ಎರಡನೇ ಗುಂಪೂ ಕೆಲಸಕ್ಕೆ ಕೂತಿದೆ ಅನ್ನುವುದಕ್ಕೆ ಅದೇ ಗುರುತು.

ಪ್ರಶ್ನೆ: ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಹಾಕಿದರೆ ಅದೇ ದಿನ ಮೀನು ಬಿಡಬಹುದು ಅಂತ ಬರೆದಿದ್ದಾರೆ. ನಿಜವಾ?

ಉತ್ತರ: ಬಾಟಲಿ ಕೆಲಸ ಮಾಡುತ್ತದೆ. ಮೂರು ನಾಲ್ಕು ವಾರದ ಕೆಲಸ ಒಂದೆರಡು ವಾರಕ್ಕೆ ಇಳಿಯಬಹುದು. ಅದೇ ದಿನ ಮೀನು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಳಗಿರುವುದು ಜೀವ. ಬಿಸಿಲಲ್ಲಿ ಬೆಂದಿದ್ದರೆ, ಅವಧಿ ಮುಗಿದಿದ್ದರೆ ನೀವು ಹಾಕುವುದು ಬರೀ ನೀರು, ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅಂತ ಲೇಬಲ್ಲಿನಲ್ಲಿ ಇದೆಯಾ ನೋಡಿಕೊಳ್ಳಿ, ಕೆಲವು ಬಾಟಲಿಗಳಲ್ಲಿ ಇರುವುದು ತಳದ ಕಸ ಕೊಳೆಸುವ ಬೇರೆ ಬಗೆ. ಚೆನ್ನಾಗಿ ಅಲ್ಲಾಡಿಸಿ ಹಾಕಿ. ಕೆಲವು ದಿನ ಯುವಿ ದೀಪ, ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕಸ ತೆಗೆಯುವ ಯಂತ್ರ) ಆರಿಸಿಡಿ, ಬ್ಯಾಕ್ಟೀರಿಯಾ ಕಲ್ಲಿಗೆ ಅಂಟಿಕೊಳ್ಳಲು ಸಮಯ ಬೇಕು. ಕೊನೆಗೆ ಮೇಲೆ ಹೇಳಿದ 2 ಪಿಪಿಎಂ ಪರೀಕ್ಷೆ ಬಾಟಲಿಗೂ ಅನ್ವಯ. ಅದರಲ್ಲಿ ಪಾಸಾದರೆ ಹತ್ತನೇ ದಿನವೇ ಮೀನು ಬಿಡಿ, ನನ್ನ ತಕರಾರಿಲ್ಲ.

ಪ್ರಶ್ನೆ: ಒದ್ದೆ ಕಾಗದದಲ್ಲಿ ಸುತ್ತಿದ ಲೈವ್ ರಾಕ್ ತರಿಸಿದೆ. ಮನೆಗೆ ಬರುವ ಹೊತ್ತಿಗೆ ಕೊಳೆತ ಮೊಟ್ಟೆ ವಾಸನೆ. ಲೈವ್ ರಾಕ್ ಹಾಕಿದರೆ ಸೈಕಲ್ ಬೇಕಾಗಿಲ್ಲ ಅಂದಿದ್ದರು. ತೊಟ್ಟಿಗೆ ಹಾಕಲಾ?

ಉತ್ತರ: ನೇರವಾಗಿ ಹಾಕಬೇಡಿ. ಲೈವ್ ರಾಕ್ ಅಂದರೆ ಬರೀ ಕಲ್ಲಲ್ಲ, ಅದರ ಪ್ರತಿ ತೂತಿನಲ್ಲೂ ಸ್ಪಂಜು, ಹುಳು, ಪಾಚಿ, ಸಣ್ಣ ಚಿಪ್ಪುಜೀವಿ, ಬ್ಯಾಕ್ಟೀರಿಯಾ ತುಂಬಿರುತ್ತವೆ. 1960ರ ದಶಕದ ಆರಂಭದಲ್ಲೇ ಜಕಾರ್ತದ ಲೀ ಚಿನ್ ಎಂಗ್ ಎಂಬವರು ಸಮುದ್ರದ ನೀರು, ಇಂಥ ಕಲ್ಲು, ಗಾಳಿಗುಳ್ಳೆ ಇಷ್ಟನ್ನೇ ಇಟ್ಟುಕೊಂಡು ಹವಳ ಸಾಕಿ ಅದರ ಬಗ್ಗೆ ಬರೆದಿದ್ದರು. ಇವತ್ತು ನಾವು ಮಾಡುವ ಹವಳದ ತೊಟ್ಟಿಯ ಬೇರು ಅಲ್ಲಿದೆ. ಅವರ ಹತ್ತಿರ ಸಮುದ್ರ ಇತ್ತು, ಕಲ್ಲು ತಾಜಾ ಬರುತ್ತಿತ್ತು. ನಿಮ್ಮ ಕಲ್ಲು ನೀರಿನ ಹೊರಗೆ ಪ್ರಯಾಣ ಮಾಡಿದೆ, ಅದರಲ್ಲಿದ್ದ ಎಷ್ಟೋ ಜೀವಿಗಳು ದಾರಿಯಲ್ಲೇ ಸತ್ತಿವೆ. ಆ ವಾಸನೆ ಅದರದ್ದೇ.

ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಉಪ್ಪುನೀರು, ಹೀಟರ್, ಜೋರಾದ ಪಂಪು ಹಾಕಿ ಕತ್ತಲಲ್ಲಿಡಿ. ಸತ್ತು ಲೋಳೆಯಾದ ಭಾಗವನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ಕೈಗೆ ಗ್ಲೌಸ್ ಇರಲಿ. ವಾರಕ್ಕೆ ಒಂದೆರಡು ಸಲ ಹೆಚ್ಚಿನ ನೀರು ಬದಲಿಸಿ. ವಾಸನೆ ಹೋಗಿ ಅಮೋನಿಯಾ ಸೊನ್ನೆಯಲ್ಲೇ ನಿಂತ ಮೇಲೆ ತೊಟ್ಟಿಗೆ ಸೇರಿಸಿ. ಇದಕ್ಕೆ ಬೇರೆ ಅಮೋನಿಯಾ ಹಾಕಬೇಕಾಗಿಲ್ಲ, ಅದೇ ಸಾಕಷ್ಟು ಕೊಡುತ್ತದೆ.

ಸಮುದ್ರದಿಂದ ನೀವೇ ಕಲ್ಲು ಎತ್ತಿಕೊಂಡು ಬರುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಹಲವು ದೇಶಗಳಲ್ಲಿ ಅದು ಅಪರಾಧ, ಹವಳದ ದಿಬ್ಬಗಳು ಈಗಲೇ ಸೋತು ನಿಂತಿವೆ. ಹೆಚ್ಚಿನ ಪಾಲು ಡ್ರೈ ರಾಕ್, ನಂಬಿಕೆಯ ಹಳೆಯ ತೊಟ್ಟಿಯಿಂದ ಬಂದ ಒಂದೆರಡು ಜೀವಂತ ತುಂಡು, ಇಷ್ಟಿದ್ದರೆ ಬೇಕಾದ ಜೀವವೈವಿಧ್ಯ ನಿಧಾನವಾಗಿ ಎಲ್ಲಾ ಕಡೆ ಹರಡುತ್ತದೆ.

ಪ್ರಶ್ನೆ: ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರವ ಹಾಕಿದರೆ ಸಾಲದಾ?

ಉತ್ತರ: ಹವಳ ಸಾಕುವುದಾದರೆ ಸಾಲದು. ನಲ್ಲಿ ನೀರಿನಲ್ಲಿ ಫಾಸ್ಫೇಟ್, ನೈಟ್ರೇಟ್, ಸಿಲಿಕೇಟ್, ಕೆಲವು ಸಲ ಪೈಪಿನ ತಾಮ್ರ ಕೂಡ ಇರುತ್ತದೆ. ಮೊದಲ ಮೂರು ಪಾಚಿಗೆ ಗೊಬ್ಬರ, ಕೊನೆಯದು ಬಸವನಹುಳು, ಸಿಗಡಿಗೆ ವಿಷ. ಆರ್‌ಓ ಆದ ಮೇಲೆ ಉಳಿದ ಲವಣಗಳನ್ನು ಹಿಡಿಯುವ ಡಿಐ ರಾಳವನ್ನೂ ದಾಟಿ ಬಂದ, ಟಿಡಿಎಸ್ (ಕರಗಿದ ಲವಣಗಳ ಅಳತೆ) ಸೊನ್ನೆ ಇರುವ ನೀರೇ ಬಳಸಿ. ಉಪ್ಪನ್ನು ಬೇರೆ ಬಕೆಟ್ಟಿನಲ್ಲಿ ಕಲಸಿ, ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ.

ಪ್ರಶ್ನೆ: ನೀರು ಆವಿಯಾಗಿ ಕಡಿಮೆ ಆದಾಗ ಉಪ್ಪುನೀರನ್ನೇ ಸೇರಿಸುತ್ತಿದ್ದೆ. ಈಗ ಉಪ್ಪಿನಂಶ 39 ಆಗಿದೆ.

ಉತ್ತರ: ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಇನ್ನು ಮೇಲೆ ಸಾದಾ ಆರ್‌ಓ ನೀರನ್ನೇ ಸೇರಿಸಿ. ಈಗ ತೊಟ್ಟಿ ಖಾಲಿ ಇರುವುದರಿಂದ ಸ್ವಲ್ಪ ಉಪ್ಪುನೀರು ತೆಗೆದು ಅಷ್ಟೇ ಸಾದಾ ನೀರು ಹಾಕಿ ಇವತ್ತೇ ಸರಿಮಾಡಬಹುದು, ಜೀವಿಗಳಿದ್ದಿದ್ದರೆ ಕೆಲವು ದಿನ ತೆಗೆದುಕೊಂಡು ನಿಧಾನವಾಗಿ ಇಳಿಸಬೇಕಿತ್ತು.

ಪ್ರಶ್ನೆ: ಸೈಕಲ್ ಮುಗಿಯಿತು ಅಂತ ಖುಷಿಪಟ್ಟು ಲೈಟ್ ಹಾಕಿದ ವಾರದಲ್ಲೇ ಮರಳು, ಕಲ್ಲು, ಗಾಜು ಎಲ್ಲದರ ಮೇಲೂ ಕಂದು ಬಣ್ಣದ ಪುಡಿ. ಒರೆಸಿದರೆ ಮತ್ತೆ ಬರುತ್ತದೆ. ಔಷಧಿ ಹಾಕಲಾ?

ಉತ್ತರ: ಬೇಡ, ಖಂಡಿತ ಬೇಡ. ಅದು ಡಯಾಟಂ ಅನ್ನುವ ಸೂಕ್ಷ್ಮ ಪಾಚಿ. ಹೊಸ ಕಲ್ಲು, ಮರಳು, ನೀರಿನಲ್ಲಿರುವ ಸಿಲಿಕೇಟನ್ನು ಬಳಸಿಕೊಂಡು ಬರುತ್ತದೆ, ಅದು ಖರ್ಚಾದ ಮೇಲೆ ತಾನಾಗಿ ಕಡಿಮೆ ಆಗುತ್ತದೆ. ಆಮೇಲೆ ಹಸಿರು ಕೂದಲಿನಂಥ ಪಾಚಿ ಬರಬಹುದು, ಕೆಂಪು ಲೋಳೆಯ ಹಾಗೆ ಸಯನೋಬ್ಯಾಕ್ಟೀರಿಯಾ ಬರಬಹುದು. ಅಮೋನಿಯಾ ಸೈಕಲ್ ಮುಗಿದರೂ ತೊಟ್ಟಿ ಇನ್ನೂ ಎಳೆಯದು, ಇದನ್ನು ಹೆಚ್ಚಿನವರಿಗೆ ಯಾರೂ ಮೊದಲೇ ಹೇಳಿರುವುದಿಲ್ಲ. ಡ್ರೈ ರಾಕ್‌ನ ಮೈ ಖಾಲಿ ಸೈಟಿನ ಹಾಗೆ, ಯಾವುದು ಬೇಗ ಬೆಳೆಯುತ್ತದೋ ಅದು ಮೊದಲು ಬಂದು ಕೂರುತ್ತದೆ. ನೇರಳೆ ಬಣ್ಣದ ಕೊರಲೈನ್ ಪಾಚಿ, ನೂರಾರು ಬಗೆಯ ಸಣ್ಣ ಜೀವಿಗಳು ಆ ಜಾಗ ತುಂಬಲು ತಿಂಗಳುಗಳು ಬೇಕು.

ಟ್ರೋಕಸ್ ಬಸವನಹುಳು ನಾಲ್ಕೈದು ಬಿಡಿ, ಕಂದು ಪದರವನ್ನು ಅವು ಚೆನ್ನಾಗಿ ತಿನ್ನುತ್ತವೆ. ಹನಿ ಹನಿಯಾಗಿ ತೊಟ್ಟಿಯ ನೀರು ಸೇರಿಸಿ ಒಂದು ಗಂಟೆಯಾದರೂ ಒಗ್ಗಿಸಿ, ಉಪ್ಪಿನಂಶದ ಹಠಾತ್ ಬದಲಾವಣೆ ಅವಕ್ಕೆ ಆಗುವುದಿಲ್ಲ. ಸೈಕಲ್ ನಡೆಯುವಾಗ ಲೈಟೇ ಬೇಕಾಗಿಲ್ಲ, ಆ ಬ್ಯಾಕ್ಟೀರಿಯಾಕ್ಕೆ ಕತ್ತಲೇ ಇಷ್ಟ. ಹವಳ ಬರುವವರೆಗೆ ದಿನಕ್ಕೆ ಕೆಲವೇ ಗಂಟೆ, ಕಡಿಮೆ ಬೆಳಕಲ್ಲಿ ಸಾಕು.

ಪಾಚಿ ಕಂಡ ಕೂಡಲೇ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಲು ಹೊರಡುವವರನ್ನು ನೋಡಿದಾಗ ನನಗೆ ಭಯ ಆಗುತ್ತದೆ. ಎರಡೂ ಸೊನ್ನೆ ಆದ ಎಳೆಯ ತೊಟ್ಟಿಯಲ್ಲಿ ಡೈನೋಫ್ಲ್ಯಾಜೆಲೇಟ್ ಬರುವ ಸಾಧ್ಯತೆ ಜಾಸ್ತಿ. ಅದು ಕಂದು ಬಣ್ಣದ ಲೋಳೆ ಎಳೆ, ತುದಿಯಲ್ಲಿ ಗಾಳಿಗುಳ್ಳೆ. ಕೆಲವು ಬಗೆ ವಿಷದ್ದು, ತಿಂದ ಬಸವನಹುಳು ಸಾಯುತ್ತದೆ. ಅದನ್ನು ಓಡಿಸುವುದು ಡಯಾಟಂಗಿಂತ ಎಷ್ಟೋ ಪಟ್ಟು ಕಷ್ಟ. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ ಬಿಡಿ. ಹವಳಕ್ಕೂ ಅಷ್ಟು ಬೇಕು.

ಪ್ರಶ್ನೆ: ಮಗಳಿಗೆ ಕ್ಲೌನ್ ಮೀನು ಅನೆಮನಿಯಲ್ಲಿ (ಹೂವಿನಂತೆ ಕಾಣುವ ಕಡಲಜೀವಿ) ಆಡುವುದನ್ನು ನೋಡಬೇಕಂತೆ. ಎರಡನ್ನೂ ಒಟ್ಟಿಗೆ ತರಬಹುದಾ?

ಉತ್ತರ: ಕ್ಲೌನ್ ಮೀನು ತನ್ನಿ, ಹೊಸ ತೊಟ್ಟಿಗೆ ಒಳ್ಳೆಯ ಮೊದಲ ಮೀನು. ಸಾಕಣೆಯಲ್ಲೇ ಹುಟ್ಟಿದ್ದು ಸಿಗುತ್ತದೆ, ಅದನ್ನೇ ಕೇಳಿ ತನ್ನಿ. ಅನೆಮನಿ ಮಾತ್ರ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಆದ ಮೇಲೆ. ಎಳೆಯ ತೊಟ್ಟಿಯಲ್ಲಿ ಅದು ಜಾಗ ಹುಡುಕುತ್ತಾ ಅಲೆದು ಪಂಪಿಗೆ ಸಿಕ್ಕಿ ಛಿದ್ರ ಆಗುವುದುಂಟು, ಸತ್ತರೆ ಇಡೀ ನೀರು ಕೆಡುತ್ತದೆ. ಅನೆಮನಿ ಇಲ್ಲದೆಯೂ ಕ್ಲೌನ್ ಮೀನು ಆರಾಮಾಗಿ ಬದುಕುತ್ತದೆ ಅಂತ ಮಗಳಿಗೆ ಹೇಳಿ. ಹವಳದಲ್ಲೂ ಇದೇ ಕ್ರಮ. ಮಶ್ರೂಮ್, ಲೆದರ್‌ನಂಥ ಮೆತ್ತನೆಯವು ಎರಡು ಮೂರು ತಿಂಗಳಿಗೆ, ಅಕ್ರೋಪೋರಾದಂಥ ಗಟ್ಟಿ ಹವಳ ಆಲ್ಕಲಿನಿಟಿ, ಕ್ಯಾಲ್ಸಿಯಂ ತಿಂಗಳುಗಟ್ಟಲೆ ಅಲುಗಾಡದೆ ನಿಂತ ಮೇಲೆ.

ಪ್ರಶ್ನೆ: ಸೈಕಲ್ ಮುಗಿದ ದಿನ ಬೇಕಾದ ಐದು ಮೀನನ್ನೂ ಒಟ್ಟಿಗೆ ಬಿಟ್ಟರೆ ಏನಾಗುತ್ತದೆ? ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಬೇಕು ಅನ್ನುವುದು ನಿಜಕ್ಕೂ ಬೇಕಾ?

ಉತ್ತರ: ಬೇಕೇ ಬೇಕು. 2 ಪಿಪಿಎಂ ಪರೀಕ್ಷೆಯಲ್ಲಿ ಪಾಸಾದ ತೊಟ್ಟಿ ಒಂದೆರಡು ಸಣ್ಣ ಮೀನನ್ನು ಸಲೀಸಾಗಿ ತಾಳುತ್ತದೆ. ಮುಂದಿನದನ್ನು ಎರಡು ಮೂರು ವಾರ ಬಿಟ್ಟು ಸೇರಿಸಿ. ಅಮೋನಿಯಾಕ್ಕಿಂತ ನನಗೆ ಹೆಚ್ಚು ಚಿಂತೆ ರೋಗದ್ದು. ಕ್ರಿಪ್ಟೊಕ್ಯಾರಿಯಾನ್ ಅನ್ನುವ ಪರಜೀವಿ ಮೀನಿನ ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ ತರುತ್ತದೆ. ಒಮ್ಮೆ ಅದು ಮುಖ್ಯ ತೊಟ್ಟಿಗೆ ಬಂತು ಅಂದರೆ ಎಲ್ಲ ಮೀನನ್ನೂ ಹೊರಗೆ ತೆಗೆದು ತೊಟ್ಟಿಯನ್ನು ಮೀನಿಲ್ಲದೆ ಬಿಡಬೇಕು, ಹವ್ಯಾಸಿಗಳು ಇದಕ್ಕೆ 76 ದಿನದ ಲೆಕ್ಕ ಇಟ್ಟುಕೊಳ್ಳುತ್ತಾರೆ. ತಾಮ್ರದ ಔಷಧಿಯನ್ನು ಮುಖ್ಯ ತೊಟ್ಟಿಗೆ ಹಾಕುವ ಹಾಗಿಲ್ಲ, ಬಸವನಹುಳು, ಸಿಗಡಿ, ಹವಳ ಎಲ್ಲ ಸಾಯುತ್ತವೆ. ಸೈಕಲ್‌ಗೆ ಕಾಯುವ ಈ ವಾರಗಳಲ್ಲೇ ಹೊಸ ಮೀನನ್ನು ಮೊದಲು ಇಟ್ಟು ನೋಡಲು ಒಂದು ಸಣ್ಣ ತೊಟ್ಟಿ, ಸ್ಪಂಜ್ ಫಿಲ್ಟರ್, ಹೀಟರ್ ಸಿದ್ಧ ಮಾಡಿ. ಆ ಸ್ಪಂಜನ್ನು ಮುಖ್ಯ ತೊಟ್ಟಿಯ ಸಂಪಿನಲ್ಲಿ (ಅದಕ್ಕೆ ಜೋಡಿಸಿದ ಫಿಲ್ಟರ್ ತೊಟ್ಟಿಯಲ್ಲಿ) ಮೊದಲೇ ಮುಳುಗಿಸಿಟ್ಟರೆ ಅದೂ ಜೊತೆಯಲ್ಲೇ ಸೈಕಲ್ ಆಗುತ್ತದೆ.

ಪ್ರಶ್ನೆ: ತೊಟ್ಟಿ ಮುಚ್ಚುತ್ತಿರುವ ಒಬ್ಬರು ಹಳೆಯ ಕಲ್ಲು ಉಚಿತವಾಗಿ ಕೊಟ್ಟರು. ಮೇಲೆ ಅಂಗಿಯ ಗುಂಡಿಯಂಥ ಹವಳಗಳು ಅಂಟಿವೆ. ದೊಡ್ಡ ಪಾತ್ರೆಯಲ್ಲಿ ಕುದಿಸಿ ಸ್ವಚ್ಛ ಮಾಡಿ ಬಳಸಬಹುದಾ?

ಉತ್ತರ: ಕುದಿಸಬೇಡಿ. ಈ ಪುಟದಲ್ಲಿ ಬೇರೆ ಏನನ್ನು ಮರೆತರೂ ಪರವಾಗಿಲ್ಲ, ಇದನ್ನು ಮರೆಯಬೇಡಿ. ಗುಂಡಿಯಂಥವು ಜೊವಾಂಥಿಡ್ ಇರಬೇಕು, ಅವುಗಳಲ್ಲಿ ಪಾಲಿಥೋವಾ ಎಂಬ ಬಗೆಯಲ್ಲಿ ಪಾಲಿಟಾಕ್ಸಿನ್ ಅನ್ನುವ ಅತಿ ಬಲವಾದ ವಿಷ ಇರಬಹುದು. ಕಲ್ಲು ಕುದಿಸಿದಾಗ ಅದು ಹಬೆಯ ಜೊತೆ ಗಾಳಿಗೆ ಸೇರುತ್ತದೆ. ಹೀಗೆ ಮಾಡಲು ಹೋಗಿ ಇಡೀ ಮನೆಯವರು, ಸಾಕುಪ್ರಾಣಿಗಳ ಸಮೇತ, ಆಸ್ಪತ್ರೆ ಸೇರಿದ ಪ್ರಸಂಗಗಳು ನಡೆದಿವೆ. ಬಿಸಿನೀರು ಸುರಿಯುವುದು, ಒಣಗಿದ ಕಲ್ಲನ್ನು ಉಜ್ಜಿ ಪುಡಿ ಎಬ್ಬಿಸುವುದು, ಜೋರಾಗಿ ನೀರು ಹಾಯಿಸಿ ತೊಳೆಯುವುದು, ಯಾವುದೂ ಬೇಡ.

ಗ್ಲೌಸ್, ಕನ್ನಡಕ ಹಾಕಿಕೊಂಡೇ ಮುಟ್ಟಿ, ಕೈಯಲ್ಲಿ ಗಾಯ ಇದ್ದರೆ ಮುಟ್ಟಲೇಬೇಡಿ. ಅವು ಅಂಟಿದ ಕಲ್ಲನ್ನು ನೀರಿನಲ್ಲೇ ಇಟ್ಟುಕೊಂಡು, ಜೊವಾಂಥಿಡ್ ಸಾಕುವ ಅನುಭವ ಇರುವವರಿಗೆ ಕೊಟ್ಟುಬಿಡಿ. ಉಳಿದ ಕಲ್ಲನ್ನು ಡ್ರಮ್ಮಿನಲ್ಲಿ ಉಪ್ಪುನೀರು ಹಾಕಿ ಮೇಲೆ ಹೇಳಿದ ಹಾಗೆ ಕತ್ತಲಲ್ಲಿ ಕೆಲವು ವಾರ ಇಡಿ. ಹಳೆಯ ಕಲ್ಲಿನಿಂದ ಫಾಸ್ಫೇಟ್ ಬಿಡುತ್ತಾ ಇರುತ್ತದೆ, ಅಮೋನಿಯಾ ಜೊತೆಗೆ ಅದನ್ನೂ ಅಳೆಯಿರಿ. ಕಲ್ಲು ಮುಟ್ಟಿದ ಮೇಲೆ ಬಾಯಿಯಲ್ಲಿ ಲೋಹದ ರುಚಿ, ಉಸಿರಾಟದ ತೊಂದರೆ, ಕಣ್ಣುರಿ, ಮೈಕೈ ಸೆಳೆತ ಏನೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ, ಪಾಲಿಟಾಕ್ಸಿನ್ ಅನ್ನುವ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಡಾಕ್ಟರಿಗೆ ತೋರಿಸಿ.